ಕಲ್ಲಗುಡಿಯ ಉಲ್ಟಾ ಕಂಬ

ನಮ್ಮ ಅಬ್ಬಾ ಒಂದು ಮಂಗಳವಾರ ಬೆಳಗ್ಗೆ ಚಹಾದ ಬಶಿ ಕೆಳಗಿಟ್ಟು, "ನಾಳೆ ತಿಕೋಟಾ ಕಡೆ ಹೋಗೋದೈತಿ" ಎಂದಾಗ ನಾನು ಹಂಚಿನ ಮೇಲಿದ್ದ ಚಪಾತಿಯನ್ನು ಮರೆತೇಬಿಟ್ಟೆ. ಎಂಬತ್ತೆರಡು ವರ್ಷದ ಮನುಷ್ಯ. ಐವತ್ತು ವರ್ಷದಿಂದ ತಿಕೋಟಾ ರಸ್ತೆ ತುಳಿದವರೇ ಅಲ್ಲ. ಆ ಕಡೆ ಬಳಗದಲ್ಲಿ ಮದುವೆಯಾದರೆ ಅಮ್ಮಿ ಹೋಗುತ್ತಿದ್ದಳು, ಸಾವಾದರೂ ಅಮ್ಮಿಯೇ. ಅವಳು ತೀರಿಕೊಂಡ ಮೇಲೆ ನಾನು. ಅಬ್ಬಾ ಮಾತ್ರ ಏನೋ ಒಂದು ನೆವ ಹೇಳಿ ಮನೆಯಲ್ಲಿ ಉಳಿದುಬಿಡುತ್ತಿದ್ದರು.

"ಅಲ್ಲೇನೈತಿ?" ಎಂದೆ.

"ಕಲ್ಲ ಹೊರಳಿಸೋದೈತಿ" ಎಂದರು. ಹಿಂದಿನ ಸಂಜೆ ನೀರಿನ ಟಾಕಿಯ ನಳ ಹೊರಳಿಸುವುದಕ್ಕೇ ಇವರು ನನ್ನನ್ನು ಕರೆದಿದ್ದರು.

ಯಾವ ಕಲ್ಲು ಎಂದು ನಾನು ಕೇಳಲಿಲ್ಲ. ನಮ್ಮ ಮನೆಯಲ್ಲಿ ಕಲ್ಲು ಅಂದರೆ ಒಂದೇ.

ಅಬ್ಬಾ ಗೌಂಡಿ. ಇಟ್ಟಂಗಿಯ ಗೌಂಡಿಯಲ್ಲ, ಕಲ್ಲಿನ ಗೌಂಡಿ. ಅಜ್ಜನೂ ಅದೇ, ಮುತ್ತಜ್ಜನೂ ಅದೇ. ವಿಜಯಪುರದ ಹಳೆಯ ಓಣಿಗಳಲ್ಲಿ ಇವರು ಕಟ್ಟಿದ ಕಲ್ಲಿನ ಗೋಡೆಗಳು ಇನ್ನೂ ನಿಂತಿವೆ. ಎದುರಿಗೆ ಹಾಯ್ದಾಗೆಲ್ಲ ಒಮ್ಮೆ ಅಂಗೈಯಿಂದ ತಟ್ಟಿ ಹೋಗುವುದು ಇವರ ಚಾಳಿ. ಐವತ್ತು ವರ್ಷದ ಹಿಂದೆ ತಿಕೋಟಾದಾಚೆ, ಕನಮಡಿ ದಾರಿಯಿಂದ ಒಳಗೆ ಹೊರಳಿದರೆ ಸಿಗುವ ಒಂದು ಸಣ್ಣ ಊರಿನಲ್ಲಿ ಕಲ್ಲಿನ ಗುಡಿಯೊಂದರ ಛಾವಣಿ ಕುಸಿದಿತ್ತು. ಊರವರು ಅದನ್ನು ಕಲ್ಲಗುಡಿ ಎನ್ನುತ್ತಾರೆ. ಏಳೆಂಟು ನೂರು ವರ್ಷದ್ದು. ಕಟ್ಟಿದ ಕಾಲಕ್ಕೆ ಪಕ್ಕದಲ್ಲಿ ಮಠವೂ ಇತ್ತಂತೆ, ಸನ್ಯಾಸಿಗಳು ಹುಡುಗರಿಗೆ ಓದು ಕಲಿಸುತ್ತಿದ್ದರಂತೆ. ಈಗ ಮಠದ ಅಡಿಪಾಯ ಮಾತ್ರ ಇದೆ. ಊರ ಹಿರಿಯರು ಅಬ್ಬಾನನ್ನು ಕರೆಸಿದರು. ನಡುಮಂಟಪದ ನಾಲ್ಕು ಕಂಬಗಳಲ್ಲಿ ಒಂದು ಮುರಿದು ಮೂರು ತುಂಡಾಗಿ ಬಿದ್ದಿತ್ತು. ಅಬ್ಬಾ ಆ ತುಂಡುಗಳನ್ನು ಒಂದರ ಮೇಲೊಂದು ಮತ್ತೆ ನಿಲ್ಲಿಸುವ ಕೆಲಸ ಹಿಡಿದರು. ಅದರಲ್ಲಿ ನಡುವಿನ ತುಂಡನ್ನು ತಲೆಕೆಳಗು ನಿಲ್ಲಿಸಿದರು.

ಹೌದು, ತಲೆಕೆಳಗು. ಉಳಿದ ಮೂರು ಕಂಬಗಳಲ್ಲಿ ಕೊರೆದ ಗಂಟೆಗಳ ಬಾಯಿ ಕೆಳಕ್ಕಿದ್ದರೆ, ಇದರಲ್ಲಿ ಮೇಲಕ್ಕೆ. ಉಳಿದ ಕಂಬಗಳಲ್ಲಿ ಮಣಿಸರ ಕೆಳಕ್ಕೆ ಇಳಿಬಿದ್ದಿದ್ದರೆ, ಇದರಲ್ಲಿ ಮೇಲಕ್ಕೆ ಇಳಿಬಿದ್ದಿತ್ತು! ಛಾವಣಿಯ ಭಾರವೆಲ್ಲ ಮೇಲೆ ಕೂತಾಗಿತ್ತು, ತಿಂಗಳೂ ಕಳೆದಿತ್ತು. ಆಗ ಇನ್ನೊಬ್ಬ ಗೌಂಡಿ ಅದನ್ನು ನೋಡಿ ಬಂದು, ಸಂತೆಯಲ್ಲಿ ಹತ್ತು ಮಂದಿಯ ಎದುರು ಅಬ್ಬಾನಿಗೆ, "ಏನೋ, ಗಂಟಿ ಉಲ್ಟಾ ಹಾಕೀಯಲ್ಲ, ದೇವರಿಗೆ ಕೇಳಬಾರದಂತನೋ?" ಎಂದನಂತೆ. ಅಂದಿನಿಂದ ಅಬ್ಬಾ ಆ ರಸ್ತೆ ಬಿಟ್ಟರು. ಗೌಂಡಿಗಳ ನಡುವೆ ಅವರ ಹೆಸರೇ ಹೋಗಿ 'ಉಲ್ಟಾ ಕಂಬದಾಂವ' ಎಂದಾಯಿತು.

ಯಾಕೆ ತಪ್ಪಿತು ಎಂದು ಯಾರು ಕೇಳಿದರೂ ಒಂದೇ ಉತ್ತರ. "ತಪ್ಪಿತು. ಅಷ್ಟ."

ನಾನು ಸುಮ್ಮನಿದ್ದವಳಲ್ಲ. ಬಾಯಿ ನನಗೆ ಅಬ್ಬಾನಿಂದಲೇ ಬಂದದ್ದು. ಬಬಲೇಶ್ವರದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ದಿನಾ ವಿಜಯಪುರದ ಜಲನಗರದಿಂದ ಹೋಗಿ ಬಂದು ಮಾಡುತ್ತೇನೆ. ಲೆಕ್ಕ ತಪ್ಪಿದವರನ್ನು ಸುಲಭಕ್ಕೆ ಬಿಡುವುದಿಲ್ಲ. ಅಬ್ಬಾ ನನ್ನ ಅಡುಗೆಗೆ ಹೆಸರಿಟ್ಟರೆ, ನನ್ನ ಸ್ಕೂಟಿಯ ಓಟಕ್ಕೆ ಹೆಸರಿಟ್ಟರೆ, "ಕಂಬ ಉಲ್ಟಾ ನಿಲ್ಲಿಸಿದವರು ನನಗ ಹೇಳಬ್ಯಾಡ್ರಿ" ಎಂದುಬಿಡುತ್ತಿದ್ದೆ. ಅವರು ತಕ್ಷಣ ಬಾಯಿ ಮುಚ್ಚುತ್ತಿದ್ದರು. ಗೆದ್ದೆ ಎಂದು ನಾನು ಬೀಗುತ್ತಿದ್ದೆ. ಅಮ್ಮಿ ಇದ್ದಾಗ ಒಂದು ಸಲ, ಒಂದೇ ಸಲ, ಒಲೆಯ ಮುಂದಿನಿಂದ ಎದ್ದು ಬಂದು ನನ್ನ ಬಾಯಿ ಮೇಲೆ ಹೊಡೆದಿದ್ದಳು. "ಆ ಮಾತು ನೀ ಆಡಬ್ಯಾಡ. ಯಾರ ಬೇಕಾದ್ರೂ ಆಡ್ಲಿ, ನೀ ಆಡಬ್ಯಾಡ" ಎಂದಿದ್ದಳು. ಅಪ್ಪನ ಮರ್ಯಾದೆಗೆ ಅಂತ ತಿಳಿದುಕೊಂಡೆ. ಹೊಡೆತ ಮರೆತೆ, ಮಾತು ಬಿಡಲಿಲ್ಲ.

ಈಗ ಆ ಗುಡಿಯ ಛಾವಣಿಯ ಒಂದು ತೊಲೆ ಬಿರುಕು ಬಿಟ್ಟಿದೆಯೆಂದು ಊರವರು ರಿಪೇರಿಗೆ ಹಚ್ಚಿದ್ದರು. ಕೆಲಸ ಹಿಡಿದ ಗುತ್ತಿಗೆದಾರನ ತಂದೆ ಹಿಂದೆ ಅಬ್ಬಾನ ಕೈಕೆಳಗೆ ದುಡಿದವನು. ಆ ಗುತ್ತಿಗೆದಾರ ಸೋಮವಾರ ರಾತ್ರಿ ಅಬ್ಬಾನಿಗೆ ಫೋನ್ ಮಾಡಿದ್ದನಂತೆ. ಛಾವಣಿಗೆ ಕಬ್ಬಿಣದ ಜಾಕ್ ಕೊಟ್ಟು ಎತ್ತಿದ್ದಾರೆ, ಎರಡು ದಿನ ಕಂಬಗಳ ಮೇಲೆ ಭಾರವಿರುವುದಿಲ್ಲ, ಚಾಚಾ ನಿಮಗೆ ತಿಳಿಸಬೇಕೆನಿಸಿತು, ಎಂದು.

"ಎರಡ ದಿನ" ಎಂದು ಅಬ್ಬಾ ನನಗೆ ಎರಡು ಬೆರಳು ತೋರಿಸಿದರು. "ಐವತ್ತ ವರ್ಷದಾಗ ಎರಡ ದಿನ ಸಿಕ್ಕಾವ. ಇನ್ನೊಮ್ಮೆ ಅದರ ಮ್ಯಾಲಿನ ಭಾರ ಇಳಿಯೂದರಾಗ ನಾ ಮಣ್ಣಾಗಿರತೇನಿ."

"ಸಾಲ್ಯಾಗ ಪರೀಕ್ಷಾ ನಡದಾವ. ನಿಮ್ಮ ಬಿಪಿ ಗೋಳಿ ಬದಲಿ ಮಾಡ್ಯಾರ. ಅವರಿಗೇ ಫೋನ್‌ನಾಗ ಹೇಳ್ರಿ, ಹೊರಳಿಸತಾರ."

"ನಾ ನಿಲ್ಲಿಸಿದ್ದು. ನನ್ನ ಕಣ್ಣ ಮುಂದ ಹೊರಳಬೇಕು."

"ಹೋಗಾಕ ಗಾಡಿ?"

"ಬಸ್ಸಿಗೆ ಹೋಗತೇನಿ. ತಿಕೋಟಾದಿಂದ ನಡೀತೇನಿ."

ಹಟ ಹಿಡಿದರೆ ಅಬ್ಬಾ ಕಲ್ಲಿಗಿಂತ ಕಲ್ಲು. ನಾನೂ ಅವರ ಮಗಳೇ, ಆದರೆ ಅವತ್ತು ಅವರ ಕಣ್ಣು ನೋಡಿ ಸೋತೆ. ಬೇಡುವ ಕಣ್ಣಲ್ಲ ಅದು, ಹೊರಟು ನಿಂತವರ ಕಣ್ಣು. ಹೆಡ್‌ಮಾಸ್ತರರಿಗೆ ಫೋನ್ ಮಾಡಿ ಒಂದು ದಿನದ ರಜೆ ಕೇಳಿದೆ. ಯಾಕೆ ಎಂದರು. ಕಲ್ಲು ಹೊರಳಿಸಲಿಕ್ಕೆ ಎಂದರೆ ನಂಬುತ್ತಿರಲಿಲ್ಲ, ತಂದೆಗೆ ಆರಾಮಿಲ್ಲ ಎಂದೆ.

ಮರುದಿನ ಬೆಳಗ್ಗೆ ಅಬ್ಬಾ ತಲೆಗೆ ಬಿಳಿ ಟೊಪ್ಪಿಗೆ, ಇಸ್ತ್ರಿ ಮಾಡಿದ ಅಂಗಿ, ಈದಿಗೆ ಹೊರಟಂತೆ ಸಿದ್ಧ. ಕೈಯಲ್ಲಿ ಒಂದು ಚೀಲ. ಒಳಗೆ ಓಳಂಬ ಇತ್ತು. ದಾರದ ತುದಿಗೆ ಕಟ್ಟಿದ ಹಿತ್ತಾಳೆಯ ಗುಂಡು ಅದು. ಇಳಿಬಿಟ್ಟರೆ ಗೋಡೆ ನೆಟ್ಟಗಿದೆಯೋ ವಾಲಿದೆಯೋ ಹೇಳುತ್ತದೆ. ಅಜ್ಜನ ಕಾಲದ್ದು. ಅದನ್ನು ನಮಗೆ ಮುಟ್ಟಗೊಡುತ್ತಿರಲಿಲ್ಲ. ಟೊಪ್ಪಿಗೆಯ ಮೇಲೆ ಹೆಲ್ಮೆಟ್ ಏರಿಸಿ, ಸ್ಕೂಟಿಯ ಹಿಂದೆ ಕೂಡಿಸಿದೆ. ಓಣಿಯ ಹೆಂಗಸರು ಬಾಗಿಲಿಗೆ ಬಂದು ನೋಡಿದರು.

"ಎಲ್ಲಿಗ್ರಿ ಅಪ್ಪ ಮಗಳು?"

"ಮಾಡಿದ್ದುಣ್ಣಾಕ!" ಎಂದರು ಅಬ್ಬಾ.

ಊರು ದಾಟುವವರೆಗೆ ನನ್ನ ಓಟದ ಮೇಲೆ ಟೀಕೆ ನಡೆದೇ ಇತ್ತು. ಬ್ರೇಕ್ ಹಾಕಿದರೆ ಯಾಕೆ ಹಾಕಿದೆ, ಹಾಕದಿದ್ದರೆ ಯಾಕೆ ಹಾಕಲಿಲ್ಲ. ಊರು ಬಿಟ್ಟ ಮೇಲೆ ಮಾತು ದಾರಿಯ ಕಡೆ ಹೊರಳಿತು. ಐವತ್ತು ವರ್ಷದಲ್ಲಿ ಆ ದಾರಿ ಅವರಿಗೆ ಗುರುತು ಸಿಗದಷ್ಟು ಬದಲಾಗಿತ್ತು. ಬರೀ ಜೋಳ ಇದ್ದ ಕಡೆ ದ್ರಾಕ್ಷಿಯ ಪಡಗಳು, ಹಣ್ಣು ಒಣಗಿಸಿ ಮಣೂಕ ಮಾಡುವ ಉದ್ದುದ್ದ ಶೆಡ್ಡುಗಳು, ಕಾಲುವೆ. "ಇಲ್ಲಿ ಒಂದು ಬೇವಿನ ಗಿಡ ಇತ್ತು" ಎಂದರು. ಸ್ವಲ್ಪ ಹೊತ್ತಿಗೆ "ಇಲ್ಲೊಂದು ಬಾವಿ ಇತ್ತು" ಎಂದರು. ತಿಕೋಟಾದಲ್ಲಿ ಚಹಾಕ್ಕೆ ನಿಲ್ಲಿಸಿದೆ. ಕಪ್ಪು ಬಾಯಿಗೆ ಒಯ್ಯದೆ ಕನಮಡಿ ದಾರಿಯನ್ನೇ ನೋಡುತ್ತಿದ್ದರು.

"ಅಂಜಿಕಿ ಬರಾಕತ್ತೈತೇನು?" ಎಂದು ಕೇಳಿದೆ, ತಮಾಷೆಗೆ.

"ಹೌದು" ಎಂದರು. ಅಬ್ಬಾ ಹೌದು ಎಂದದ್ದನ್ನು ನಾನು ಕೇಳಿದ್ದೇ ಕಡಿಮೆ. ಗಾಡಿ ಚಾಲೂ ಮಾಡಿದೆ.

ಗುಡಿ ಊರ ಅಂಚಿನಲ್ಲಿದೆ. ದೂರದಿಂದ ನೋಡಿದರೆ ಏನೂ ಅನ್ನಿಸುವುದಿಲ್ಲ. ಶಿಖರವಿಲ್ಲ, ಬಣ್ಣವಿಲ್ಲ, ನೆಲಕ್ಕೆ ಅಂಟಿಕೊಂಡು ಕೂತ ಕರಿಕಲ್ಲು. ಬಾಗಿಲ ಬಳಿ ಒಂದು ಶಾಸನದ ಕಲ್ಲು, ಮೇಲೆ ಸೂರ್ಯ, ಚಂದ್ರ, ಆಕಳು, ಕರು. ಬಾಗಿ ಒಳಗೆ ಹೋದೆವು. ಹೊರಗೆ ಬಿಸಿಲು ಕೆನ್ನೆಗೆ ಹೊಡೆಯುತ್ತಿತ್ತು. ಒಳಗೆ ಕಾಲಿಟ್ಟರೆ ಅಂಗಾಲಿಗೆ ತಂಪು. ಕಣ್ಣಿಗೆ ಕತ್ತಲೆ ಒಗ್ಗಲು ಎರಡು ನಿಮಿಷ ಬೇಕಾಯಿತು. ಆಮೇಲೆ ಕಂಬಗಳು ಕಂಡವು. ಅಯ್ಯೋ, ಎಂಥ ಕಂಬಗಳು! ಕಲ್ಲನ್ನು ಚರಕಿಯ ಮೇಲೆ ತಿರುಗಿಸಿ ತಿರುಗಿಸಿ ನುಣ್ಣಗೆ ಮಾಡಿದ್ದಾರೆ, ಏಣು ಏಣು, ಬಳೆ ಬಳೆ, ಮಿರಿಮಿರಿ ಮಿಂಚುತ್ತಿದ್ದವು. ಹತ್ತಿರ ಹೋದರೆ ನನ್ನ ಮುಖ ಅದರೊಳಗೆ ಉದ್ದಕ್ಕೆ ಕಂಡಿತು. ನಾನು ಮಕ್ಕಳಿಗೆ ಕೈವಾರದಿಂದ ಒಂದು ವೃತ್ತ ನೆಟ್ಟಗೆ ಬರೆಸಲು ತಿಂಗಳು ತೆಗೆದುಕೊಳ್ಳುತ್ತೇನೆ.

ಅಬ್ಬಾ ಕಂಬಗಳನ್ನು ನೋಡಲಿಲ್ಲ, ಮುಟ್ಟಿದರು. ಮೊದಲನೆಯದು, ಎರಡನೆಯದು, ಮೂರನೆಯದು. ನಾಲ್ಕನೆಯದರ ಮುಂದೆ ಎರಡು ಹೆಜ್ಜೆ ದೂರದಲ್ಲೇ ನಿಂತುಬಿಟ್ಟರು.

ಅದರ ನಡುವಿನ ತುಂಡು ಕಾಣುತ್ತಲೇ ಇರಲಿಲ್ಲ. ಸುತ್ತಲೂ ದಾರ. ಬಿಳಿ, ಕೆಂಪು, ಹಳದಿ, ಮಾಸಿ ಕಪ್ಪಾದದ್ದು, ನಿನ್ನೆ ಕಟ್ಟಿದಂಥದ್ದು. ಕೈಯ ದಪ್ಪ ದಾರದ ಪದರ. ಮೇಲಿನ ಅಂಚಿನಲ್ಲಿ ಮಾತ್ರ ಮೇಲ್ಮುಖದ ಗಂಟೆಗಳ ಬಾಯಿಗಳು ಇಣುಕುತ್ತಿದ್ದವು. ಛಾವಣಿಯ ಕೆಳಗೆ ಜಾಕ್‌ಗಳು ನಿಂತಿದ್ದವು. ಕಂಬದ ನೆತ್ತಿಗೂ ಮೇಲಿನ ತೊಲೆಗೂ ನಡುವೆ ಬೆರಳು ಹೋಗುವಷ್ಟು ಬೆಳಕು.

ಕಂಬದ ಬದಿಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ತಾಯಿ ಕೂತಿದ್ದಳು. ಹೆಗಲ ಮೇಲೆ ಎರಡು ವರ್ಷದ ಹೆಣ್ಣುಕೂಸು, ಜ್ವರದಿಂದ ಬಾಡಿತ್ತು. ಕೈಯಲ್ಲಿ ಹೊಸ ದಾರ.

"ದವಾಖಾನಿಗೆ ತೋರಿಸೀರಿಲ್ಲೋ?" ಎಂದೆ. ನನ್ನ ಬಾಯಿಗೆ ಮೊದಲು ಬರುವುದೇ ಪ್ರಶ್ನೆ.

"ತೋರಿಸೇವ್ರಿ ಅಕ್ಕಾರ. ಗೋಳಿ, ಔಷಧ ಎಲ್ಲಾ ಕೊಟ್ಟಾರ. ಅದೂ ಇರಲಿ, ಇದೂ ಇರಲಿ ಅಂತ ಬಂದೇನ್ರಿ. ಇದು ಕೂಸುಗಳ ಕಂಬ. ಎಡಕ್ಕ ಮೂರ ಸುತ್ತ ಹಾಕಿ, ಉಲ್ಟಾ ಆದದ್ದು ಸೀದಾ ಆಗಲಿ ಅಂದು ದಾರ ಕಟ್ಟಬೇಕ್ರಿ. ಎರಡ ಗಂಟು."

"ಎರಡ್ಯಾಕ?"

"ಮೊದಲನೇದು ಬ್ಯಾರೆಯವರ ಕೂಸಿಗೆ ಅಂತ್ರಿ. ಎರಡನೇದು ನಮ್ಮದಕ್ಕ. ನಮ್ಮ ಅತ್ತಿ ಹಂಗ ಹೇಳ್ಯಾರ."

ನಾನು ಅಬ್ಬಾನ ಮುಖ ನೋಡಿದೆ. ತಮ್ಮ ತಪ್ಪನ್ನು ನೋಡಲು ಬಂದವರು, ತಪ್ಪಿಗೆ ಪೂಜೆ ನಡೆದಿರುವುದನ್ನು ನೋಡುತ್ತಿದ್ದರು. ಇದಕ್ಕಿಂತ ಸಂತೆಯ ಕುಚೋದ್ಯವೇ ವಾಸಿ ಎನ್ನುವಂತೆ ಅವರ ಕೆನ್ನೆ ಅದುರುತ್ತಿತ್ತು. ಗುತ್ತಿಗೆದಾರ ಬಂದು ಕಾಲು ಮುಟ್ಟಿದ. ಅಬ್ಬಾ ಅವನಿಗೆ ನಮಸ್ಕಾರವನ್ನೂ ಹೇಳದೆ, "ದಾರ ಬಿಚ್ಚಸು. ಸರಪಳಿ ಹಾಕು. ನಡುವಿನ ತುಂಡು ಹೊರಳಿಸೋದೈತಿ" ಎಂದರು.

ಅವನು ಹೌಹಾರಿ ಗುಡಿಯ ಪಂಚರೊಬ್ಬರನ್ನು ಕರೆತಂದ. ಅರವತ್ತರ ಆಸುಪಾಸಿನ, ಮೆದು ಮಾತಿನ ಮನುಷ್ಯ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿ.

"ಅಜ್ಜಾರ, ಮೊದಲ ಕುಂದರ್ರಿ. ನೀರ ಕುಡೀರಿ. ಆ ಕಂಬ ಮಾತ್ರ ಮುಟ್ಟೂದು ಬ್ಯಾಡ್ರಿ."

"ಅದು ಉಲ್ಟಾ ಐತಿ."

"ಉಲ್ಟಾನ ಐತ್ರಿ. ಅದರ ಮಹಿಮಾನ ಅದು. ಒಂದ ರಾತ್ರ್ಯಾಗ ತಾನಾಗೇ ತಿರುಗಿದ ಕಂಬ ಅಂತಾರ್ರಿ."

ಅಬ್ಬಾನ ಸಿಟ್ಟು ನೆತ್ತಿಗೇರಿತು. ಮನೆಯಲ್ಲಿ ನಮ್ಮದು ಅರ್ಧ ಉರ್ದು, ಅರ್ಧ ಕನ್ನಡ. ಸಿಟ್ಟು ಬಂದರೆ ಪೂರ್ತಿ ಕನ್ನಡ. "ಕಲ್ಲು ತಾನಾಗೇ ತಿರುಗತೈತೇನು? ನನ್ನ ಅರವತ್ತ ವರ್ಷದ ಗೌಂಡಿಕ್ಯಾಗ ಒಂದ ಕಲ್ಲೂ ತಾನಾಗೇ ತಿರುಗಿಲ್ಲ! ನಾ ತಿರುಗಿಸಿದ್ದು. ನಾ ನಿಲ್ಲಿಸಿದ್ದು. ಇದೇ ಕೈಲೆ. ತಪ್ಪ ಮಾಡೇನಿ, ತಿದ್ದಾಕ ಬಂದೇನಿ. ಸರೀರಿ ಆ ಕಡೆ!"

ಕೆಲಸದವರು ಕೆಲಸ ಬಿಟ್ಟು ನಿಂತರು. ಹೊರಗಿನಿಂದ ನಾಲ್ಕಾರು ಮಂದಿ ಬಂದರು. ಪಂಚರು ಅಬ್ಬಾನನ್ನು ಮೇಲಿಂದ ಕೆಳಗೆ ನೋಡಿ, "ನೀವ ನಿಲ್ಲಿಸಿದವರು ಅಂತನ ಇಟ್ಟಕೊಳ್ಳೋಣ್ರಿ. ಹಂಗಾರ ಯಾಕ ತಪ್ಪಿತ್ರಿ?" ಎಂದರು.

"ತಪ್ಪಿತು. ಅಷ್ಟ."

ನನಗೂ ರೇಗಿತು. ಅಬ್ಬಾನನ್ನು ಅಷ್ಟು ದೂರ ಕರೆತಂದದ್ದು ಪಂಚರ ಮೆದು ಮಾತು ಕೇಳಲಿಕ್ಕಲ್ಲ. ಚೀಲದಿಂದ ಸೀಮೆಸುಣ್ಣ ತೆಗೆದು (ಟೀಚರ ಚೀಲದಲ್ಲಿ ಅದು ಇದ್ದೇ ಇರುತ್ತದೆ) ನೆಲದ ಕಲ್ಲಿನ ಮೇಲೆ ಗಂಟೆ ಬರೆದೆ. ಮೂರು ಕಂಬದ್ದು ಹೀಗೆ, ನಾಲ್ಕನೆಯದು ಹೀಗೆ. ನೋಡಿರಿ, ಕೊರೆದವರ ಮನಸ್ಸು ಏನಿತ್ತು, ಈಗ ಏನಾಗಿದೆ. ಮುದುಕರು ಸಾಯುವ ಮುನ್ನ ತಮ್ಮ ಕೆಲಸ ನೆಟ್ಟಗೆ ಮಾಡುತ್ತೇನೆ ಎಂದರೆ ನಿಮಗೇನು ತ್ರಾಸು? ದಾರ ಮತ್ತೆ ಕಟ್ಟಿಕೊಳ್ಳಿರಿ, ಯಾರು ಬೇಡ ಅಂದರು? ಒಂಬತ್ತನೆಯ ಇಯತ್ತೆಗೆ ಪಾಠ ಹೇಳುವ ದನಿಯಲ್ಲೇ ಹೇಳಿದೆ. ಎಲ್ಲರೂ ತಲೆದೂಗಿದರು. ಯಾರೂ ಒಪ್ಪಲಿಲ್ಲ.

"ಅಕ್ಕಾರ, ನಿಮ್ಮ ಗಣಿತ ಖರೇ ಐತ್ರಿ" ಎಂದರು ಪಂಚರು. "ಆದ್ರ ನಾಳೆ ಯಾವದರ ಒಂದು ಕೂಸಿಗೆ ಹೆಚ್ಚು ಕಡಿಮಿ ಆದ್ರ ಊರಿಗೆ ಯಾರು ಉತ್ತರಾ ಕೊಡಬೇಕ್ರಿ?"

ಅಬ್ಬಾ ಓಳಂಬ ತೆಗೆದು ತೊಡೆಯ ಮೇಲಿಟ್ಟುಕೊಂಡು, ಕಂಬದ ಬುಡದಲ್ಲಿ ನೆಲಕ್ಕೆ ಕೂತುಬಿಟ್ಟರು. "ಈ ಕಲ್ಲ ಹೊರಳೂತನಾ ಏಳೂದಿಲ್ಲ" ಎಂದರು. ಜಾಕ್ ಇಳಿಸುವ ಹಾಗಿಲ್ಲ, ಏರಿಸುವ ಹಾಗಿಲ್ಲ. ಕೆಳಗೆ ಮುದುಕ ಕೂತಿದ್ದಾನೆ. ಗುತ್ತಿಗೆದಾರ ತಲೆ ಮೇಲೆ ಕೈ ಹೊತ್ತ. ನಾನೂ ಅಬ್ಬಾನ ಪಕ್ಕ ಕೂತೆ. ಹಟವೆಂದರೆ ಹಟವೇ ಆಗಲಿ ಎನಿಸಿತು.

ಆಗ ಪಂಚರು, "ಎದುರ ಮನಿ ಆಯೀನ್ನ ಕರೀರಿ. ಈ ಕಂಬದ ಮಾತು ಆಕಿ ಹೇಳಿದಂಗ" ಎಂದರು. ಜಗಳ ಇನ್ನೊಬ್ಬರ ತಲೆಗೆ ದಾಟಿಸುವುದರಲ್ಲಿ ಅವರು ಪಳಗಿದ್ದರು.

ಆಯಿ ಬಂದಳು. ತೊಂಬತ್ತರ ಹತ್ತಿರದ ಮುದುಕಿ, ಬೆನ್ನು ಬಾಗಿತ್ತು, ದನಿ ಬಾಗಿರಲಿಲ್ಲ. ಕಣ್ಣಿಗೆ ಪೊರೆ. ಕೋಲಿನಿಂದ ನೆಲ ತಟ್ಟಿಕೊಂಡು ಬಂದು, ನೇರ ಕಂಬಕ್ಕೆ ಕೈಯಿಟ್ಟಳು. ನಮ್ಮತ್ತ ತಿರುಗಿಯೂ ನೋಡಲಿಲ್ಲ.

"ಯಾರದು, ಇದನ್ನ ಹೊರಳಸತೇನಿ ಅನ್ನಾಂವ? ನನಗ ಗೊತ್ತಿದ್ದಷ್ಟು ಹೇಳತೇನಿ, ಕೇಳ್ರಿ. ತಾನಾಗೇ ತಿರುಗಿದ್ದೂ ಅಲ್ಲ, ಮಣ್ಣೂ ಅಲ್ಲ. ನಾ ಎಷ್ಟ ಸಲ ಹೇಳಿದ್ರೂ ಈ ಹುಡುಗರು ಮಹಿಮಾ ಮಹಿಮಾ ಅಂತಾವ. ಆವಾಗ ಬಿಜಾಪುರದಿಂದ ಒಬ್ಬ ಸಾಬರ ಗೌಂಡಿ ಬಂದಿದ್ದ. ತೆಳ್ಳಗ, ಎತ್ತರ, ಮೂಗಿನ ತುದಿ ಮ್ಯಾಲ ಸಿಟ್ಟು. ನಾ ದಿನಾ ಅವರಿಗೆ ನೀರ ತಂದ ಕೊಡತಿದ್ದೆ. ಅವತ್ತ ಸಂಜಿಮುಂದ ಈ ಕಲ್ಲು ಸರಪಳ್ಯಾಗ ಜೋತಬಿದ್ದಿತ್ತು. ಸೈಕಲ್ ಮ್ಯಾಲ ಒಬ್ಬಾಂವ ಬಂದ. ನಿನ್ನ ಕೂಸಿಗೆ ಜ್ವರ ನೆತ್ತಿಗೇರೈತಿ, ಕಣ್ಣ ಮ್ಯಾಲ ಮಾಡೈತಿ, ದವಾಖಾನ್ಯಾಗ ಹಾಕ್ಯಾರ, ಲಗೂನ ಬಾ ಅಂದ."

ನನ್ನ ಪಕ್ಕದಲ್ಲಿ ಅಬ್ಬಾ ಓಳಂಬದ ಗುಂಡನ್ನು ಮುಷ್ಟಿಯೊಳಗೆ ಹಿಡಿದುಕೊಂಡರು.

"ಕಲ್ಲ ಹಂಗ ಬಿಟ್ಟ ಹೋಗಾಕ ಬರತಿರಲಿಲ್ಲ. ಕೆಳಗ ನಾಕ ಮಂದಿ ಆಳು ಇದ್ರು. ಆ ಗೌಂಡಿ ಹೋಗಲಿಲ್ಲ. ಕಣ್ಣಾಗ ನೀರ ಸುರೀತಿದ್ವು, ಕೈ ನಿಲ್ಲಲಿಲ್ಲ. ಕಲ್ಲ ಇಳಿಸಿದ, ಕುಂದರಿಸಿದ, ದಾರ ಇಳಿಬಿಟ್ಟ ನೋಡಿದ. ಗಂಟಿ ಮ್ಯಾಲೈತೋ ಕೆಳಗೈತೋ ಅವಗೇನ ಕಂಡೀತು? ಆಮ್ಯಾಲ ಹಣಿ ಈ ಕಲ್ಲಿಗೆ ಹಚ್ಚಿ ಅಂದ: ಇದನ್ನ ನಾ ನಿಲ್ಲಿಸೇನಿ, ಅದನ್ನ ನೀ ನಿಲ್ಲಸು. ಅಂದಾಂವನ ಓಡಿದ. ಚಪ್ಪಲಿ ಸೈತ ಇಲ್ಲೇ ಬಿಟ್ಟ ಓಡಿದ."

ಆಯಿ ದಾರಗಳ ಮೇಲೆ ಕೈಯಾಡಿಸುತ್ತ ಮುಂದುವರಿಸಿದಳು.

"ಆ ವಾರ ನನ್ನ ಕಡೀ ಮಗಳಿಗೂ ಜ್ವರ. ತೊಟ್ಟಿಲದ ದಾರ ಬಿಚ್ಚಿ ತಂದು ಇದಕ್ಕ ಕಟ್ಟಿದೆ. ಮೊದಲನೇ ಗಂಟು ಗೌಂಡಿ ಕೂಸಿಗೆ, ಎರಡನೇದು ನನ್ನ ಕೂಸಿಗೆ. ನನ್ನದು ಎದ್ದು ಕುಂತಿತು. ಈಗ ಆಕಿಗೇ ಮೊಮ್ಮಕ್ಕಳ ಅದಾವ. ಉಳಿದ ಕೆಲಸ ಬ್ಯಾರೆ ಆಳುಗಳು ಬಂದು ಮುಗಿಸಿದ್ರು, ಆ ಗೌಂಡಿ ಮಾತ್ರ ಹೊಳ್ಳಿ ಬರಲಿಲ್ಲ. ಬರಲಿಲ್ಲ ಅಂದ್ರ ನಾ ಏನಂತ ತಿಳಕೋಬೇಕು? ಕೂಸು ಹೋತು ಅಂತ ತಿಳಕೊಳ್ಳಾಕ ಮನಸ ಆಗಲಿಲ್ಲ. ಅದಕ್ಕ ಇವತ್ತಿನ ತನಕ ಬಂದ ತಾಯಂದಿರಿಗೆಲ್ಲ ಹೇಳತೇನಿ, ಮೊದಲ ಗಂಟು ಆ ಕೂಸಿಗೆ ಹಾಕ್ರಿ ಅಂತ."

ಮೂರು ವರ್ಷದವಳಿದ್ದಾಗ ನನಗೆ ದೊಡ್ಡ ಜ್ವರ ಬಂದಿತ್ತು, ಹದಿನೈದು ದಿನ ದವಾಖಾನೆಯಲ್ಲಿದ್ದೆ ಎಂದು ಗೊತ್ತಿತ್ತು. ಆ ಜ್ವರಕ್ಕೂ ಈ ಕಲ್ಲಿಗೂ ಸಂಬಂಧವಿದೆ ಎಂದು ಮನೆಯಲ್ಲಿ ಯಾರೂ ಒಂದು ದಿನ ಬಾಯಿ ಬಿಟ್ಟಿರಲಿಲ್ಲ. 'ತಪ್ಪಿತು, ಅಷ್ಟ.' ನನ್ನ ಸಲುವಾಗಿ ತಪ್ಪಿತು ಎಂದು ನನ್ನ ಮೇಲೆ ಹೊರಿಸಬಾರದೆಂದು, ಆ ಮನುಷ್ಯ ಐವತ್ತು ವರ್ಷ ಉಲ್ಟಾ ಕಂಬದಾಂವ ಎಂದು ಕರೆಸಿಕೊಂಡಿದ್ದರು. ನಾನೂ ಕರೆದಿದ್ದೆ. ಎಲ್ಲರಿಗಿಂತ ಹೆಚ್ಚು ಸಲ ನಾನೇ ಕರೆದಿದ್ದೆ. ಅಮ್ಮಿ ಬಾಯಿ ಮೇಲೆ ಹೊಡೆದದ್ದು ಈಗ ಉರಿಯಿತು.

ಅಬ್ಬಾ ಕಂಬ ಹಿಡಿದು ಎದ್ದರು. "ಏಳೂದಿಲ್ಲ" ಎಂದವರು ಎದ್ದರು. ನನ್ನ ರಟ್ಟೆ ಹಿಡಿದು ನನ್ನನ್ನೂ ಎಬ್ಬಿಸಿ, ಆಯಿಯ ಮುಂದೆ ನೂಕಿದರು.

"ಬದುಕೈತಿ ಬೇ" ಎಂದರು. "ಇಕೀನ."

ಆಯಿ ಅರ್ಥವಾಗದೆ ನಿಂತಳು. ಆಮೇಲೆ ಪೊರೆಗಣ್ಣನ್ನು ಅಬ್ಬಾನ ದನಿಯತ್ತ ತಿರುಗಿಸಿದಳು. ಕೋಲು ಕೈಯಿಂದ ಜಾರಿ ಕಲ್ಲಿನ ಮೇಲೆ ಬಿತ್ತು. ಎರಡೂ ಕೈಗಳಿಂದ ನನ್ನ ಮುಖ ತಡವಿದಳು. ಹಣೆ, ಕನ್ನಡಕ, ನರೆತ ಕೂದಲು, ಐವತ್ನಾಲ್ಕು ವರ್ಷದ ಗಣಿತದ ಟೀಚರ ಗದ್ದ. ತಡವುತ್ತ ತಡವುತ್ತ ಅಳತೊಡಗಿದಳು. ನಾನು ಅತ್ತೆ. ಅಷ್ಟರಲ್ಲಿ ಅವಳ ಅಳು ಸಿಟ್ಟಾಯಿತು.

"ಅಲ್ಲೋ ಗೌಂಡಿ, ಕೂಸು ಬದುಕಿತು ಅಂತ ಒಂದ ಮಾತು ಹೇಳಾಕ ಬರಲಿಲ್ಲಲ್ಲೋ! ಕಲ್ಲು ಉಲ್ಟಾ ಆತು ಅಂತ ನಾಚಿ ಮನ್ಯಾಗ ಕುಂತೆಲ್ಲ, ಕಲ್ಲ ಯಾರ ಕೇಳಿದ್ರೋ ನಿನ್ನ? ಐವತ್ತ ವರ್ಷ ನಾ ಇದರ ಚಿಂತಿ ಮಾಡೇನಿ. ಈ ಊರಾಗ ಹುಟ್ಟಿದ ಕೂಸು ಕೂಸಿಗೂ ಇಕಿ ಹೆಸರಲೆ ಒಂದ ಗಂಟು ಹಾಕಿಸೇನಿ. ಒಮ್ಮಿ ಬಂದ ಹೇಳಿದ್ರ ನಿನ್ನ ಗಂಟೇನ ಹೋಗತಿತ್ತು?"

ಅಬ್ಬಾ ಇಡೀ ಬೆಳಗ್ಗೆ ಊರನ್ನೇ ಎದುರು ಹಾಕಿಕೊಂಡವರು, ಕೈ ಮುಗಿದರು. "ತಪ್ಪಾತು ಬೇ" ಎಂದರು. ಈ ಸಲ 'ಅಷ್ಟ' ಎನ್ನಲಿಲ್ಲ.

ಪಂಚರು ಮೆಲ್ಲಗೆ, "ಈಗ ಕಲ್ಲ ಏನ ಮಾಡೋಣ್ರಿ ಅಜ್ಜಾರ?" ಎಂದರು. ಅಬ್ಬಾ ಓಳಂಬದ ದಾರ ಕಂಬದ ನೆತ್ತಿಗೆ ಹಿಡಿದು ಗುಂಡು ಇಳಿಬಿಟ್ಟರು. ಅದು ಸ್ವಲ್ಪ ತೂಗಾಡಿ ನಿಂತಿತು. ಒಂದು ಕಣ್ಣು ಮುಚ್ಚಿ ನೋಡಿದರು, ಈ ಬದಿಯಿಂದ, ಆ ಬದಿಯಿಂದ. ಕೂದಲೆಳೆಯಷ್ಟೂ ವಾಲಿರಲಿಲ್ಲ. ಅಂಗೈ ಎತ್ತಿ, ತಮ್ಮ ಹಳೆಯ ಗೋಡೆಗಳಿಗೆ ತಟ್ಟುವಂತೆ, ಆ ಕಂಬಕ್ಕೆ ಒಮ್ಮೆ ತಟ್ಟಿದರು.

"ನೆಟ್ಟಗ ಐತಿ" ಎಂದರು ಗುತ್ತಿಗೆದಾರನಿಗೆ. "ತೊಲಿ ಬದಲ ಮಾಡಿ ಭಾರ ಇಳಸು. ಇದನ್ನ ಮುಟ್ಟಬ್ಯಾಡ."

ಇಷ್ಟೂ ಹೊತ್ತು ಬದಿಗೆ ನಿಂತಿದ್ದ ಆ ತಾಯಿ ಹೆಗಲ ಮೇಲಿನ ಕೂಸನ್ನು ಸರಿಮಾಡಿಕೊಂಡು ಮುಂದೆ ಬಂದಳು. ಅವಳ ದಾರ ಇನ್ನೂ ಕೈಯಲ್ಲೇ ಇತ್ತು. ಅವಳಿಗೆ ನಮ್ಮ ಕಥೆಗಿಂತ ತನ್ನ ಕೂಸಿನ ಜ್ವರ ದೊಡ್ಡದು, ಅದು ಸರಿಯೇ.

"ಆಯೀ, ಹಂಗಾರ ಮೊದಲನೇ ಗಂಟು ಇನ್ನ ಯಾರಿಗೆ ಹಾಕಲಿ?"

ಆಯಿ ಮೂಗು ಒರೆಸಿಕೊಂಡು, ನನ್ನ ಕೈ ಹುಡುಕಿ, ದಾರ ಹಿಡಿಸಿದಳು. "ಗೌಂಡಿ ಮಗಳು ಇಲ್ಲೇ ನಿಂತಾಳಲ್ಲ. ಮೊದಲನೇದು ಆಕಿ ಹಾಕಲಿ, ನಿನ್ನ ಕೂಸಿಗೆ."

ದಾರಕ್ಕೂ ಜ್ವರಕ್ಕೂ ಏನು ಸಂಬಂಧ ಎಂದು ತರಗತಿಯಲ್ಲಿ ನಾನೇ ಎಷ್ಟು ಸಲ ಕೇಳಿಲ್ಲ! ಅವತ್ತು ಯಾರನ್ನೂ ಏನೂ ಕೇಳಲಿಲ್ಲ. ಮೊಣಕಾಲು ನೋಯುತ್ತಿದ್ದರೂ ಆ ಕೂಸನ್ನು ಹೆಗಲಿಗೆ ಹಾಕಿಕೊಂಡು ಎಡಕ್ಕೆ ಮೂರು ಸುತ್ತು ಬಂದೆ. ಅದರ ಬಿಸಿ ಕೆನ್ನೆ ನನ್ನ ಕುತ್ತಿಗೆಗೆ ತಾಗುತ್ತಿತ್ತು. ಉಲ್ಟಾ ಆದದ್ದು ಸೀದಾ ಆಗಲಿ ಎಂದೆ. ಒಂದು ಕೈಯಲ್ಲಿ ಗಂಟು ಹಾಕಲು ಹೋದರೆ ದಾರ ಎರಡು ಸಲ ಜಾರಿತು. ಅಬ್ಬಾ ಹತ್ತಿರ ಬಂದು ದಾರದ ಇನ್ನೊಂದು ತುದಿಯನ್ನು ಜಗ್ಗಿ ಹಿಡಿದರು.

"ಬಿಗಿ ಹಾಕು" ಎಂದರು. "ಸಡಲ ಬಿಟ್ಟೀಯ."

ಬಿಗಿಯಾಗಿ ಹಾಕಿದೆ.